ಡೆಮೊ ಪಾರ್ಟಿಗಳ ಸಭಾಂಗಣ ಆಟಗಾರರ ಪಾಲಾದದ್ದು ಹೇಗೆ?

ಪ್ರೋಗ್ರಾಮರುಗಳೂ ಸಂಗೀತಗಾರರೂ ಚಿತ್ರಕಾರರೂ ಸೇರುತ್ತಿದ್ದ ಯುರೋಪಿನ ಡೆಮೊಸೀನ್ ಪಾರ್ಟಿಗಳು ಕಾಲಕ್ರಮೇಣ ಗೇಮಿಂಗ್ ಉತ್ಸವಗಳಾಗಿ ಬದಲಾದದ್ದು ಏಕೆ ಎಂದು ನೀವು ಕೇಳಿದ್ದೀರಿ. ಓದಲೆಂದು ಜರ್ಮನಿಗೆ ಬಂದ ಮೇಲೆ ನನಗೆ ಈ ಪಾರ್ಟಿಗಳ ಪರಿಚಯವಾಯಿತು. ಅಂದಿನಿಂದ ಈಸ್ಟರ್ ರಜೆ ಬಂತೆಂದರೆ ಅಂಥದೊಂದು ಪಾರ್ಟಿಗೆಂದು ಸಾರ್‌ಬ್ರುಕೆನ್ ಊರಿಗೆ ಹೊರಡುವುದು ರೂಢಿಯಾಗಿದೆ. ತೊಂಬತ್ತರ ದಶಕದ ಪಾರ್ಟಿಗಳನ್ನು ಕಣ್ಣಾರೆ ಕಂಡವನು ನಾನಲ್ಲ. ಆದರೆ ಆ ಕಾಲದ ಡೆಮೊಗಳನ್ನು ಮತ್ತೆ ಮತ್ತೆ ನೋಡಿ, ಆಗ ಅಲ್ಲಿದ್ದವರ ಬಾಯಿಂದ ಕೇಳಿ ತಿಳಿದುಕೊಂಡ ಮೇಲೆ ಒಂದು ಕಾರಣ ಮಿಕ್ಕೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಡೆಮೊ ಮಾಡುವವನ ಬಹುಪಾಲು ಕೆಲಸ ಮನೆಯಲ್ಲೇ ಮುಗಿದಿರುತ್ತಿತ್ತು. ಆಟಗಾರನ ಕೆಲಸ ಶುರುವಾಗುವುದೇ ಸಭಾಂಗಣಕ್ಕೆ ಕಾಲಿಟ್ಟ ಮೇಲೆ.

ಡೆಮೊ ಎಂದರೆ ಕಂಪ್ಯೂಟರು ಆ ಕ್ಷಣದಲ್ಲೇ ಲೆಕ್ಕ ಹಾಕುತ್ತಾ ಪರದೆಯ ಮೇಲೆ ಮೂಡಿಸುವ ಚಿತ್ರ ಮತ್ತು ಸಂಗೀತದ ಪ್ರದರ್ಶನ. ಅದು ಮೊದಲೇ ಚಿತ್ರಿಸಿಟ್ಟ ವಿಡಿಯೊ ಅಲ್ಲ, ಓಡುತ್ತಿರುವ ಪ್ರೋಗ್ರಾಮು. ಇದರ ಬೇರು ಎಂಬತ್ತರ ದಶಕದಲ್ಲಿದೆ. ಕಾಮೊಡೋರ್ 64 ಕಂಪ್ಯೂಟರಿನ ಆಟಗಳಿಗೆ ಹಾಕಿದ್ದ ನಕಲು ತಡೆಯುವ ಬೀಗವನ್ನು ಮುರಿದು ಹಂಚುತ್ತಿದ್ದ ಹುಡುಗರು ಆಟ ಆರಂಭವಾಗುವ ಮುನ್ನ ತಮ್ಮ ತಂಡದ ಹೆಸರು ಕುಣಿಯುವ ಒಂದು ಪುಟ್ಟ ಪೀಠಿಕೆಯನ್ನು ಸೇರಿಸುತ್ತಿದ್ದರು. ಬರಬರುತ್ತ ಆ ಪೀಠಿಕೆಯೇ ಪ್ರತ್ಯೇಕ ಕಲೆಯಾಗಿ ಬೆಳೆಯಿತು. ಫ್ಲಾಪಿಗಳನ್ನು ನಕಲು ಮಾಡಿಕೊಳ್ಳಲು ಸೇರುತ್ತಿದ್ದ ಕಾಪಿ ಪಾರ್ಟಿಗಳು ಡೆಮೊಗಳ ಪೈಪೋಟಿ ನಡೆಯುವ ಪಾರ್ಟಿಗಳಾದವು. ಆದ್ದರಿಂದ ಆಟಗಳು ಹೊರಗಿನಿಂದ ನುಗ್ಗಿ ಬಂದವೆಂದು ಹೇಳುವುದು ಪೂರ್ತಿ ಸರಿಯಲ್ಲ. ಡೆಮೊ ಹುಟ್ಟಿದ್ದೇ ಆಟಗಳ ಹೆಬ್ಬಾಗಿಲಲ್ಲಿ.

ದೊಡ್ಡ ಪಾರ್ಟಿಗಳ ಕಾಲ 1991ರ ಡಿಸೆಂಬರಿನಲ್ಲಿ, ಡೆನ್ಮಾರ್ಕಿನ ಆರ್ಸ್ ಎಂಬ ಸಣ್ಣ ಊರಿನಲ್ಲಿ ನಡೆದ ‘ದಿ ಪಾರ್ಟಿ’ಯೊಂದಿಗೆ ಆರಂಭವಾಯಿತೆನ್ನಬಹುದು. ಮರುವರ್ಷ ಈಸ್ಟರ್ ಹೊತ್ತಿಗೆ ನಾರ್ವೆಯಲ್ಲಿ ‘ದಿ ಗ್ಯಾದರಿಂಗ್’, ಬೇಸಿಗೆಯಲ್ಲಿ ಫಿನ್ಲೆಂಡಿನಲ್ಲಿ ‘ಅಸೆಂಬ್ಲಿ’ ಹುಟ್ಟಿಕೊಂಡವು. ಮೂರನ್ನೂ ಕಟ್ಟಿದವರು ಡೆಮೊ ತಂಡಗಳ ಹುಡುಗರೇ. 1993ರ ಅಸೆಂಬ್ಲಿಯಲ್ಲಿ ಫ್ಯೂಚರ್ ಕ್ರೂ ತಂಡದ ‘ಸೆಕೆಂಡ್ ರಿಯಾಲಿಟಿ’ ಪಿಸಿ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಗ್ರಾಫಿಕ್ಸ್ ವೇಗವರ್ಧಕ ಕಾರ್ಡುಗಳು ಇನ್ನೂ ಮನೆಮನೆಗೆ ಬಂದಿರದ ದಿನಗಳಲ್ಲಿ, ಲೆಕ್ಕಪತ್ರ ಬರೆಯುವ ಯಂತ್ರವೆಂದು ಕಾಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರು ಬಳಸುವವರು ಹೀಗಳೆಯುತ್ತಿದ್ದ 486 ಪಿಸಿಯಲ್ಲಿ, ಸಂಗೀತದ ತಾಳಕ್ಕೆ ತಕ್ಕಂತೆ ದೃಶ್ಯಗಳು ಹೊರಳುತ್ತಾ ಕೊನೆಗೆ ನಗರವೊಂದರ ಮೇಲೆ ಹಾರಿ ಹೋಗುವ ಆ ಡೆಮೊ ಇಂದಿಗೂ ನನಗೆ ಮೈ ಜುಮ್ಮೆನಿಸುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ‘ಡೂಮ್’ ಎಂಬ ಗುಂಡು ಹಾರಿಸುವ ಆಟ ಬಂತು. ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ನಾಲ್ವರು ಒಟ್ಟಿಗೆ ಆಡಬಹುದಾಗಿತ್ತು. ಆಗಿನ ಜೋಡಣೆ ಹೇಗಿತ್ತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ: ಟಿವಿ ಕೇಬಲಿನಂಥ ತಂತಿಯೊಂದು ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಲಾಗಿ ಹೋಗುತ್ತಿತ್ತು, ಅದರ ಎರಡೂ ತುದಿಗೆ ಟರ್ಮಿನೇಟರು ಎಂಬ ಒಂದೊಂದು ಪುಟ್ಟ ಮುಚ್ಚಳ ಇರಬೇಕಿತ್ತು, ನಡುವೆ ಯಾರದೋ ಕಾಲು ತಗುಲಿ ಒಂದು ಕೊಂಡಿ ಸಡಿಲಾದರೆ ಇಡೀ ಸಾಲು ಸ್ತಬ್ಧವಾಗುತ್ತಿತ್ತು. ಮನೆಯಲ್ಲಿ ಇದನ್ನೆಲ್ಲ ಹೊಂದಿಸಿಕೊಳ್ಳುವವರು ವಿರಳ. ಮೇಜು, ವಿದ್ಯುತ್ತು, ನೆಟ್‌ವರ್ಕು, ಪಕ್ಕದಲ್ಲಿ ಎದುರಾಳಿ, ಇಷ್ಟೂ ಒಂದೇ ಕಡೆ ಸಿದ್ಧವಾಗಿ ಸಿಗುತ್ತಿದ್ದ ಜಾಗವೆಂದರೆ ಡೆಮೊ ಪಾರ್ಟಿ. ಅಲ್ಲದೆ ಮೂರು ದಿನಗಳ ಪಾರ್ಟಿಯಲ್ಲಿ ದೊಡ್ಡ ಪರದೆಯ ಮೇಲೆ ಡೆಮೊಗಳು ಓಡುವ ಹೊತ್ತನ್ನು ಕೂಡಿಸಿದರೆ ಕೆಲವೇ ಗಂಟೆಗಳಾದಾವು. ತಿಂಗಳುಗಟ್ಟಲೆ ದುಡಿದು ಮಾಡಿದ ಕೃತಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮುಗಿದುಹೋಗುತ್ತಿತ್ತು. ಉಳಿದ ಹಗಲು ರಾತ್ರಿಗಳನ್ನು ತುಂಬಿಸುವುದು ಆಟಕ್ಕೆ ಸಲೀಸಾಗಿತ್ತು, ಆ ಹೊತ್ತಿನಲ್ಲಿ ಡೆಮೊ ಮಾಡುವವರೂ ಆಡಿದರು. 1996ರಲ್ಲಿ ‘ಕ್ವೇಕ್’, 1999ರಲ್ಲಿ ‘ಕೌಂಟರ್ ಸ್ಟ್ರೈಕ್’ ಬಂದ ಮೇಲೆ ಆಟವಾಡಲೆಂದೇ ಟಿಕೆಟ್ ಕೊಳ್ಳುವವರು ಹೆಚ್ಚಿದರು.

ಇಲ್ಲಿ ಬಾಡಿಗೆಯ ಲೆಕ್ಕವನ್ನೂ ಹೇಳಲೇಬೇಕು. ಶಾಲೆಯ ಕೋಣೆಯಿಂದ ಕ್ರೀಡಾಂಗಣಕ್ಕೆ ಏರಿದ ಪಾರ್ಟಿಗೆ ಸಾವಿರಾರು ಟಿಕೆಟ್ ಮಾರಾಟವಾಗದೆ ಗತ್ಯಂತರವಿಲ್ಲ, ಅಷ್ಟು ಮಂದಿ ಡೆಮೊಕಾರರು ಇಡೀ ದೇಶದಲ್ಲಿ ಹುಡುಕಿದರೂ ಸಿಗುವುದಿಲ್ಲ. ದಿ ಗ್ಯಾದರಿಂಗ್ ಮುಂದೆ ಹಾಮರ್ ನಗರದ ‘ವೈಕಿಂಗ್‌ಶಿಪೆಟ್’ ಸೇರಿತು. 1994ರ ಚಳಿಗಾಲದ ಒಲಿಂಪಿಕ್ಸಿನ ಸ್ಕೇಟಿಂಗ್ ಸ್ಪರ್ಧೆಗೆಂದು ಬೋರಲು ಹಾಕಿದ ಹಡಗಿನ ಆಕಾರದಲ್ಲಿ ಕಟ್ಟಿದ ಭವನ ಅದು. ಸ್ವೀಡನ್ನಿನ ಮಾಲುಂಗ್ ಊರಿನ ಶಾಲೆಯೊಂದರ ಕ್ಯಾಂಟೀನಿನಲ್ಲಿ ಗೆಳೆಯರ ಕೂಟವಾಗಿ ಆರಂಭವಾದ ‘ಡ್ರೀಮ್‌ಹ್ಯಾಕ್’ 2001ರಲ್ಲಿ ಯೋನ್‌ಶೋಪಿಂಗ್‌ನ ವಸ್ತುಪ್ರದರ್ಶನ ಕೇಂದ್ರಕ್ಕೆ ಬಂತು, 2007ರಲ್ಲಿ ಒಂದೇ ಸೂರಿನಡಿ ಹತ್ತು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಜೋಡಿಸಿ ಗಿನ್ನೆಸ್ ದಾಖಲೆ ಬರೆಯಿತು. ಪ್ರಾಯೋಜಕರು ಹಣ ಹಾಕುವುದು ಇಂಥ ಜನಜಂಗುಳಿಯ ಮೇಲೆಯೇ.

ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಿಸಿದ್ದು. ಡೆಮೊ ನೋಡಿದಾಗ ಆಗುತ್ತಿದ್ದ ಬೆರಗಿನ ಅರ್ಧ ಪಾಲು, ಈ ಯಂತ್ರದಲ್ಲಿ ಇದು ಸಾಧ್ಯವೇ ಎಂಬ ಅಚ್ಚರಿಯದು. 1996ರಲ್ಲಿ ವೂಡೂ ಗ್ರಾಫಿಕ್ಸ್ ಕಾರ್ಡು ಬಂದ ಮೇಲೆ ಅಂಗಡಿಯಿಂದ ತಂದ ಆಟವೇ ಆ ಬೆರಗನ್ನು ದಿನಾಲೂ ಕೊಡತೊಡಗಿತು. ಜಾಣ ಕೈಗಳೂ ಆ ಕಡೆಗೇ ಸರಿದವು: ಅಮಿಗಾ ಕಾಲದ ‘ದಿ ಸೈಲೆಂಟ್ಸ್’ ತಂಡದವರು ಡೈಸ್ ಎಂಬ ಆಟದ ಕಂಪನಿಯನ್ನು ಕಟ್ಟಿದರೆ, ಫ್ಯೂಚರ್ ಕ್ರೂ ತಂಡದವರು 1995ರಲ್ಲಿ ರೆಮೆಡಿ ಎಂಬ ಆಟದ ಕಂಪನಿಯನ್ನು ಆರಂಭಿಸಿದವರಲ್ಲಿದ್ದರು.

ಇದರಿಂದ ಹಳಬರಿಗಾದ ನೋವು ಸಣ್ಣದಲ್ಲ. ಸಾರ್‌ಬ್ರುಕೆನ್‌ನಲ್ಲಿ ಒಮ್ಮೆ ನನ್ನ ಪಕ್ಕದ ಮೇಜಿಗೆ ಬಂದವರು ಐವತ್ತರ ಆಸುಪಾಸಿನ ಡೆನ್ಮಾರ್ಕಿನವರು. ಹಳದಿ ಬಣ್ಣಕ್ಕೆ ತಿರುಗಿದ ಅಮಿಗಾ 500 ಒಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಅವರ ತಂಡ ಒಂದು ವರ್ಷವಿಡೀ ಕೂತು ಮಾಡಿದ ಡೆಮೊ ತೊಂಬತ್ತರ ದಶಕದ ಕೊನೆಗೆ ಒಂದು ದೊಡ್ಡ ಪಾರ್ಟಿಯಲ್ಲಿ ಪರದೆಗೆ ಬಂದಾಗ ಸಭಾಂಗಣದ ದೀಪಗಳೇನೋ ಆರಿದವಂತೆ, ಆದರೆ ನೂರಾರು ಮಾನಿಟರುಗಳು ಬೆಳಗುತ್ತಲೇ ಇದ್ದವಂತೆ. ಹೆಡ್‌ಫೋನು ಹಾಕಿಕೊಂಡು ಆಡುತ್ತಿದ್ದವರು ತಲೆಯೆತ್ತಲೇ ಇಲ್ಲವಂತೆ. ಇಪ್ಪತ್ತು ವರ್ಷಗಳ ಹಿಂದಿನ ಆ ಮಾತನ್ನು ಹೇಳುವಾಗ ಅವರ ದನಿ ತಗ್ಗಿತ್ತು. ಆಟಗಾರರದು ತಪ್ಪೆಂದು ನಾನು ಹೇಳಲಾರೆ, ಅವರು ಟಿಕೆಟ್ ಕೊಂಡದ್ದು ಆಡುವುದಕ್ಕೆ. ಆದರೂ ನೋಡುವವರ ಮೌನವಿಲ್ಲದೆ ಡೆಮೊ ಬದುಕುವುದಿಲ್ಲ.

ಅಂಥ ಗದ್ದಲದ ನಡುವೆಯೂ ಒಳ್ಳೆಯ ಕೃತಿಗಳು ಬಂದವೆನ್ನುವುದನ್ನು ಮರೆಯಬಾರದು. 2000ದ ‘ದಿ ಪಾರ್ಟಿ’ಯಲ್ಲೇ ಜರ್ಮನಿಯ ಫಾರ್‌ಬ್ರಾಶ್ ತಂಡ ಕೇವಲ 64 ಕಿಲೋಬೈಟಿನಲ್ಲಿ ಹನ್ನೊಂದು ನಿಮಿಷಗಳ ಪ್ರದರ್ಶನವನ್ನು ತುಂಬಿ ಎಲ್ಲರನ್ನೂ ದಂಗುಬಡಿಸಿತು. ಆದರೆ ಆ ಪಾರ್ಟಿ 2002ಕ್ಕೆ ನಿಂತುಹೋಯಿತು. ಡೆಮೊದವರು ಅಷ್ಟರಲ್ಲಿ ಸಣ್ಣ ಸಭಾಂಗಣಗಳತ್ತ ಹೊರಳಿದ್ದರು. ಜರ್ಮನಿಯಲ್ಲಿ ಮೊದಲು ‘ಮೆಕ್ಕಾ ಸಿಂಪೋಸಿಯಂ’, 2003ರಿಂದ 2010ರವರೆಗೆ ಬಿಂಗೆನ್‌ನಲ್ಲಿ ‘ಬ್ರೇಕ್‌ಪಾಯಿಂಟ್’, 2011ರಿಂದ ಸಾರ್‌ಬ್ರುಕೆನ್‌ನ ‘ರಿವಿಷನ್’ ನಡೆದುಕೊಂಡು ಬಂದಿವೆ. ಆಟವಾಡಲು ಬರುವವರಿಗೆ ಇದು ಜಾಗವಲ್ಲ ಎಂಬುದು ಬ್ರೇಕ್‌ಪಾಯಿಂಟಿನ ಖಡಾಖಂಡಿತ ನಿಲುವಾಗಿತ್ತು.

ರಿವಿಷನ್‌ನಲ್ಲಿ ಪೈಪೋಟಿ ಆರಂಭವಾಗುವ ಹೊತ್ತಿಗೆ ಹರಟೆ ತಾನಾಗಿ ಅಡಗುತ್ತದೆ, ಮೇಜಿನ ಕೆಳಗೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ, ಯಾವುದೋ ಮೂಲೆಯಿಂದ ಒಬ್ಬರು ‘ಅಮಿಗಾ!’ ಎಂದು ಕೂಗುತ್ತಾರೆ. ನನಗೆ ಹೆಚ್ಚು ಪ್ರಿಯವಾದದ್ದು 4 ಕಿಲೋಬೈಟಿನ ವಿಭಾಗ. ಚಿತ್ರ, ಸಂಗೀತ, ಪ್ರೋಗ್ರಾಮು ಎಲ್ಲವೂ ಸೇರಿ 4096 ಬೈಟು ಮೀರುವಂತಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ ಈ ಉತ್ತರದ ಮೊದಲ ಮೂರು ಪ್ಯಾರಾಗಳೂ ಅಷ್ಟರಲ್ಲಿ ಹಿಡಿಯುವುದಿಲ್ಲ. 2009ರಲ್ಲಿ ಬ್ರೇಕ್‌ಪಾಯಿಂಟಿನಲ್ಲಿ ಗೆದ್ದ ‘ಎಲಿವೇಟೆಡ್’ ಅಷ್ಟೇ ಜಾಗದಲ್ಲಿ ಹಿಮ ಹೊದ್ದ ಬೆಟ್ಟಸಾಲುಗಳನ್ನೇ ನಿಲ್ಲಿಸಿತ್ತು.

ಆ ಕಡೆ, ಮನೆಗಳಿಗೆ ವೇಗದ ಇಂಟರ್‌ನೆಟ್ ಬಂದ ಮೇಲೆ ಗೇಮಿಂಗ್ ಪಾರ್ಟಿಗಳೂ ಮತ್ತೊಮ್ಮೆ ಬದಲಾದವು. ತಂತಿಗಾಗಿ ಸಭಾಂಗಣಕ್ಕೆ ಹೋಗುವ ಅಗತ್ಯ ಕಡಿಮೆಯಾಯಿತು. ವೃತ್ತಿಪರ ತಂಡಗಳು ಬಹುಮಾನಕ್ಕಾಗಿ ಆಡುವುದನ್ನು ಪ್ರೇಕ್ಷಕರು ಕುಳಿತು ನೋಡುವ ವೇದಿಕೆ ದೊಡ್ಡದಾಯಿತು. ಡ್ರೀಮ್‌ಹ್ಯಾಕ್ ಇಂದು ಹೆಸರಾಗಿರುವುದು ಹೆಚ್ಚಾಗಿ ಈ ಇ-ಸ್ಪೋರ್ಟ್ಸ್‌ನಿಂದ. ಅಸೆಂಬ್ಲಿಯವರು 2007ರಲ್ಲಿ ಆಟಕ್ಕೆ ಹೆಚ್ಚು ಒತ್ತು ಕೊಡುವ ಚಳಿಗಾಲದ ಕೂಟವೊಂದನ್ನು ಬೇರೆಯಾಗಿಯೇ ಆರಂಭಿಸಿದರು, ಬೇಸಿಗೆಯ ಕೂಟದಲ್ಲಿ ಡೆಮೊ ಸ್ಪರ್ಧೆಯನ್ನು ಉಳಿಸಿಕೊಂಡರು. ನನ್ನ ಮಟ್ಟಿಗೆ ಇದು ತೂಕ ತಪ್ಪದ ದಾರಿ. ಅದೇ ಫಿನ್ಲೆಂಡ್ 2020ರಲ್ಲಿ ಡೆಮೊಸೀನನ್ನು ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು, ಮರುವರ್ಷ ಜರ್ಮನಿಯೂ ಸೇರಿಸಿತು.

ಇದನ್ನೆಲ್ಲ ಓದಿ ಕುತೂಹಲ ಹುಟ್ಟಿದರೆ ಮೊದಲು ‘ಸೆಕೆಂಡ್ ರಿಯಾಲಿಟಿ’ಯನ್ನೂ ಆಮೇಲೆ ‘ಎಲಿವೇಟೆಡ್’ ಅನ್ನೂ ಯೂಟ್ಯೂಬಿನಲ್ಲಿ ನೋಡಿ. ಕೋಣೆಯ ದೀಪ ಆರಿಸಿಕೊಂಡು, ಧ್ವನಿಯನ್ನು ಸಾಕಷ್ಟು ಏರಿಸಿಕೊಂಡು ನೋಡಿ.