ಕೃಷಿ ಹೊಂಡದ ಮೀನು ಸತ್ತದ್ದೇಕೆ? ಮೈಲುತುತ್ತ ಹಾಕುವ ಮೊದಲು ಇದನ್ನು ಓದಿ

ಗುಬ್ಬಿ ಕಡೆಯ ಅಣ್ಣನವರೇ, ಎಲ್ಲಕ್ಕಿಂತ ಮೊದಲು ಒಂದು ಮಾತು: ಆ ಮೈಲುತುತ್ತದ ಪೊಟ್ಟಣವನ್ನು ಬಿಚ್ಚಬೇಡಿ. ಅಂಗಡಿಯವರು ವಾಪಸು ತೆಗೆದುಕೊಳ್ಳದಿದ್ದರೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವವರಿಗೆ ಕೊಟ್ಟುಬಿಡಿ. ಹೊಂಡಕ್ಕೆ ಮಾತ್ರ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಪ್ರಶ್ನೆ ಓದದೆ ನೇರವಾಗಿ ಇಲ್ಲಿಗೆ ಬಂದವರಿಗಾಗಿ ವಿಷಯ ಇಷ್ಟು. ಇವರದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ, ತಳಕ್ಕೆ ಪ್ಲಾಸ್ಟಿಕ್ ಹೊದಿಕೆ ಇರುವ ಕೃಷಿ ಹೊಂಡ. ಮಳೆಗಾಲದಲ್ಲಿ 1,500 ಕಾಟ್ಲಾ ಮತ್ತು ರೋಹು ಮರಿಗಳನ್ನು ಬಿಟ್ಟಿದ್ದಾರೆ. ಬೇಗ ಬೆಳೆಯಲಿ ಎಂದು ಒಂದೇ ಸಲಕ್ಕೆ ಒಂದು ಲೋಡ್ ಕೋಳಿಗೊಬ್ಬರ ಸುರಿದು, ದಿನವೂ ತೌಡು ಮತ್ತು ಕಡಲೆಕಾಯಿ ಹಿಂಡಿ ಹಾಕಿದ್ದಾರೆ. ಮೇಲಿನ ಮುಸುಕಿನ ಜೋಳದ ಹೊಲದ ನೀರೂ ಹೊಂಡಕ್ಕೇ ಇಳಿಯುತ್ತದೆ. ನೀರು ಕಡು ಹಸಿರಾಗಿದೆ. ಮೂರು ದಿನ ಮೋಡ ಮುಚ್ಚಿಕೊಂಡಿದ್ದು, ನಾಲ್ಕನೆಯ ದಿನ ಬೆಳಗಿನ ಜಾವ ದೊಡ್ಡ ಮೀನುಗಳು ಸತ್ತು ತೇಲಿವೆ. ಪಕ್ಕದ ಹೊಲದವರು ಏನೋ ಬೆರೆಸಿದ್ದಾರೆಂದು ಮನೆಯಲ್ಲಿ ಅನುಮಾನ. ಪಾಚಿಯನ್ನು ಕೊಲ್ಲಲು ಮೈಲುತುತ್ತ ಹಾಕಿ ಎಂದು ಅಂಗಡಿಯವರ ಸಲಹೆ.

ಅಣ್ಣನವರೇ, ನೆರೆಯವರೊಡನೆ ಜಗಳಕ್ಕೆ ಹೋಗಬೇಡಿ. ಉತ್ತರ ನೀವು ಬರೆದುದರಲ್ಲಿಯೇ ಇದೆ. ದೊಡ್ಡ ಮೀನು ಸತ್ತವು, ಸಣ್ಣವು ಉಳಿದಿವೆ. ಎಲ್ಲಿಂದಲೋ ಬಂದು ಸೇರಿಕೊಂಡಿದ್ದ ಕೊರವ ಮೀನುಗಳು ಏನೂ ಆಗದಂತೆ ಓಡಾಡುತ್ತಿವೆ. ಸಾವು ಕಂಡದ್ದು ಬೆಳಗಿನ ಜಾವ. ವಿಷ ಬಿದ್ದಿದ್ದರೆ ಸಾಮಾನ್ಯವಾಗಿ ಮರಿಗಳು, ನೀರಿನ ಹುಳುಗಳು, ಕಪ್ಪೆಮರಿಗಳು ಮೊದಲು ಸಾಯುತ್ತಿದ್ದವು, ಹಗಲು ರಾತ್ರಿ ಎಂಬ ಭೇದವೂ ಇರುತ್ತಿರಲಿಲ್ಲ. ಕೊರವ, ಮುರುಗೋಡು ಜಾತಿಯ ಮೀನುಗಳು ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಿ ಬದುಕಬಲ್ಲವು, ಕಾಟ್ಲಾ ರೋಹುಗಳಿಗೆ ಆ ಅನುಕೂಲವಿಲ್ಲ. ಇವೆಲ್ಲ ಸೇರಿ ಹೇಳುತ್ತಿರುವುದು ಒಂದೇ: ನೀರಿನಲ್ಲಿ ಆಮ್ಲಜನಕ ಮುಗಿದಿತ್ತು, ಮೀನುಗಳು ಉಸಿರುಕಟ್ಟಿ ಸತ್ತವು.

ಉಳಿದವನ್ನು ಉಳಿಸಿಕೊಳ್ಳುವುದು ಈಗಿನ ಕೆಲಸ. ಇವತ್ತಿನಿಂದಲೇ ತೌಡು, ಹಿಂಡಿ, ಗೊಬ್ಬರ ಎಲ್ಲವನ್ನೂ ನಿಲ್ಲಿಸಿ. ಒಂದು ವಾರ ತಿನ್ನಲು ಹಾಕದಿದ್ದರೆ ಮೀನು ಸಾಯುವುದಿಲ್ಲ, ನೀರಿನಲ್ಲಿಯೇ ಅವಕ್ಕೆ ಬೇಕಾದಷ್ಟಿದೆ. ರಾತ್ರಿ ಎರಡು ಗಂಟೆಯಿಂದ ಸೂರ್ಯ ಮೇಲೇರುವವರೆಗೆ ಪಂಪು ಹಾಕಿ, ಹೊಂಡದ ಮೇಲ್ಪದರದ ನೀರನ್ನೇ ಎತ್ತಿ ಪೈಪಿನ ಬಾಯಿಗೆ ತೂತು ಮಾಡಿದ ತಗಡು ಕಟ್ಟಿ ಮಳೆಯಂತೆ ಹೊಂಡಕ್ಕೇ ಬೀಳಿಸಿ. ಪಂಪಿನ ಫುಟ್‌ವಾಲ್ವ್ (ನೀರು ಎಳೆಯುವ ಬಾಯಿ) ತಳದಲ್ಲಿರಬಾರದು, ತಳದ ನೀರಿನಲ್ಲಿ ಆಮ್ಲಜನಕ ಇನ್ನೂ ಕಡಿಮೆ, ಅದನ್ನು ಕಲಕಿದರೆ ಇರುವುದೂ ಹೋಗುತ್ತದೆ. ಕೊಳವೆ ಬಾವಿಯ ನೀರು ಬಿಡುವುದಾದರೂ ಹೀಗೆಯೇ ಚಿಮುಕಿಸಿ ಬಿಡಿ. ನೆಲದಡಿಯಿಂದ ಬಂದ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಆಮ್ಲಜನಕ ಬಹಳ ಕಡಿಮೆ ಇರುತ್ತದೆ. ಸತ್ತ ಮೀನನ್ನು ಕೂಡಲೇ ತೆಗೆದು ತೆಂಗಿನ ಬುಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ಆಳವಾಗಿ ಹೂಳಿ. ಯಾರೂ ತಿನ್ನುವುದು ಬೇಡ, ನಾಯಿಗಳಿಗೂ ಬೇಡ.

ಇನ್ನು ಹೀಗಾದದ್ದು ಹೇಗೆ ಎಂಬುದು. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮುಂದಿನ ವರ್ಷ ಯಾರನ್ನೂ ಕೇಳಬೇಕಾಗುವುದಿಲ್ಲ.

ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕವಿದೆ. ಒಂದು ಲೀಟರ್ ನೀರಿನಲ್ಲಿ ನಮ್ಮ ಹವೆಗೆ ಕರಗಿ ನಿಲ್ಲುವುದು 8 ಮಿಲಿಗ್ರಾಂ ಆಸುಪಾಸು. ನೀರು ಬೆಚ್ಚಗಾದಷ್ಟೂ ಇದು ಇನ್ನೂ ಇಳಿಯುತ್ತದೆ. ಕಾಟ್ಲಾ, ರೋಹುಗಳಂಥ ಗೆಂಡೆ ಮೀನುಗಳಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಸಂಕಟ, 1ರ ಹತ್ತಿರ ಬಂದರೆ ಸಾವು. ಇಷ್ಟು ಸಣ್ಣ ಗಂಟಿನಲ್ಲಿ ಹೊಂಡದ ಸಂಸಾರವೆಲ್ಲ ನಡೆಯಬೇಕು.

ಹಗಲಿನಲ್ಲಿ ಆ ಗಂಟನ್ನು ತುಂಬುವುದು ನೀವು ಕೊಲ್ಲಬೇಕೆಂದಿರುವ ಹಸಿರೇ. ನೀರಿಗೆ ಬಣ್ಣ ಕೊಡುವ ಆ ಕಣ್ಣಿಗೆ ಕಾಣದ ಪಾಚಿಗಳು ಬಿಸಿಲು ಹಿಡಿದು ಆಹಾರ ಮಾಡಿಕೊಂಡು ಆಮ್ಲಜನಕ ಬಿಡುತ್ತವೆ. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಹೊಂಡದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಆಮ್ಲಜನಕವಿರುತ್ತದೆ. ಸೂರ್ಯ ಮುಳುಗಿದ ಮೇಲೆ ಪಾಚಿಯೂ ಉಸಿರಾಡುವ ಜೀವವೇ. ಮೀನು, ಹುಳು, ಪಾಚಿ, ತಳದಲ್ಲಿ ಕೊಳೆಯುವ ಗೊಬ್ಬರವನ್ನು ತಿನ್ನುವ ಕೋಟ್ಯಂತರ ಬ್ಯಾಕ್ಟೀರಿಯಾ, ಎಲ್ಲವೂ ರಾತ್ರಿಯಿಡೀ ಆಮ್ಲಜನಕವನ್ನು ಖರ್ಚು ಮಾಡುತ್ತವೆ, ತುಂಬುವವರು ಯಾರೂ ಇಲ್ಲ. ಹಾಗಾಗಿ ತಳ ಮುಟ್ಟುವುದು ಬೆಳಗಿನ ಜಾವಕ್ಕೆ. ಮೂರು ದಿನ ಮೋಡವಿದ್ದರೆ ಹಗಲಿನ ಆದಾಯವೂ ನಿಂತಿತು. ಅದರ ಮೇಲೆ ತಂಪು ಮಳೆ ಬಿದ್ದು ಮೇಲಿನ ನೀರು ತಣ್ಣಗಾದರೆ ಅದು ಕೆಳಗಿಳಿಯುತ್ತದೆ, 3 ಮೀಟರ್ ಆಳದ ಕೊಳೆತ ನೀರು ಮೇಲಕ್ಕೆ ಬರುತ್ತದೆ. ನಿಮ್ಮಲ್ಲಿ ಆದದ್ದು ಇದೇ ಇರಬೇಕು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ದಡ ಸೇರಿದ್ದನ್ನು ಪತ್ರಿಕೆಗಳಲ್ಲಿ ಹಲವರು ನೋಡಿರಬಹುದು. ಅಲ್ಲಿ ಗೊಬ್ಬರದ ಜಾಗದಲ್ಲಿ ಇದ್ದದ್ದು ನಗರದ ಕೊಳಚೆ.

ಈಗ ಮೈಲುತುತ್ತದ ಮಾತು. ಅದು ಪಾಚಿಯನ್ನು ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಇಡೀ ಹೊಂಡದ ಪಾಚಿ ಒಂದೇ ದಿನ ಸತ್ತರೆ ಅಷ್ಟೂ ಕೊಳೆಯಲು ಶುರುವಾಗುತ್ತದೆ. ಆಮ್ಲಜನಕ ಕೊಡುತ್ತಿದ್ದುದೇ ಆಮ್ಲಜನಕ ತಿನ್ನುವ ರಾಶಿಯಾಗುತ್ತದೆ. ಉಳಿದ ಮೀನುಗಳೂ ಹೋಗುತ್ತವೆ. ಪಾಚಿಯನ್ನು ಮೇಯುವ ನೀರುಚಿಗಟ ಎಂಬ ಸಣ್ಣ ಜೀವಿಗಳಿಗೂ ಮೈಲುತುತ್ತದಲ್ಲಿರುವ ತಾಮ್ರ ವಿಷ. ಹೀಗಾಗಿ ಮುಂದಿನ ಸಲ ಪಾಚಿ ಬಂದಾಗ ತಿನ್ನುವವರೇ ಇರುವುದಿಲ್ಲ. ತಾಮ್ರ ಧಾತು, ಕೊಳೆತು ಹೋಗುವ ವಸ್ತುವಲ್ಲ, ತಳದ ಕೆಸರಿನಲ್ಲಿ ಕುಳಿತೇ ಇರುತ್ತದೆ.

ಪಾಚಿ ಅಷ್ಟು ಬೆಳೆದದ್ದೇಕೆ ಎಂದು ಕೇಳಬೇಕು. ಅದಕ್ಕೆ ಸಾರಜನಕ ಬೇಕು, ರಂಜಕ ಬೇಕು, ನೀವು ಎರಡನ್ನೂ ಕೊಟ್ಟಿರಿ. ಹಿಂಡಿಯಲ್ಲಿರುವ ಸಾರಜನಕದಲ್ಲಿ ಸುಮಾರು ಕಾಲು ಭಾಗ ಮಾತ್ರ ಮೀನಿನ ಮೈಗೆ ಸೇರುತ್ತದೆ. ಉಳಿದದ್ದು ಕಿವಿರಿನ ಮೂಲಕ ಅಮೋನಿಯಾ ಆಗಿ, ಹಿಕ್ಕೆಯಾಗಿ, ತಿನ್ನದೆ ಉಳಿದ ಹಿಂಡಿಯಾಗಿ ನೀರಿಗೇ ಬರುತ್ತದೆ. ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ, ನೈಟ್ರೇಟನ್ನು ಪಾಚಿ ಹೀರುತ್ತದೆ. ಆಮ್ಲಜನಕವಿದ್ದರಷ್ಟೇ ಈ ಕೆಲಸಗಾರರು ದುಡಿಯುತ್ತಾರೆ. ಇಲ್ಲದಿದ್ದರೆ ಅಮೋನಿಯಾ ಹಾಗೆಯೇ ನಿಲ್ಲುತ್ತದೆ. ಇಲ್ಲಿ ಇನ್ನೊಂದು ಕೊಂಡಿಯನ್ನು ಗಮನಿಸಿ. ಪಾಚಿ ವಿಪರೀತವಾದಾಗ ಮಧ್ಯಾಹ್ನದ ಹೊತ್ತು ಅದು ನೀರಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಎಳೆದುಕೊಂಡು ನೀರಿನ ರಸಸಾರವನ್ನು (ಪಿಎಚ್) 9ರ ಮೇಲೆ ಏರಿಸುತ್ತದೆ. ರಸಸಾರ ಏರಿದಂತೆ ಅದೇ ಪ್ರಮಾಣದ ಅಮೋನಿಯಾ ಮೀನಿಗೆ ಹೆಚ್ಚು ವಿಷವಾಗುತ್ತದೆ. ಆದ್ದರಿಂದ ಅಳೆಯದೆ ಸುಣ್ಣ ಹಾಕಬೇಡಿ, ಈ ಸ್ಥಿತಿಯಲ್ಲಿ ಸುಟ್ಟ ಸುಣ್ಣವಂತೂ ಬೇಡವೇ ಬೇಡ.

ರಂಜಕದ ದಾರಿ ಬೇರೆ. ಸಾರಜನಕಕ್ಕೆ ಗಾಳಿಗೆ ಹಾರಿಹೋಗುವ ಬಾಗಿಲಾದರೂ ಇದೆ, ರಂಜಕಕ್ಕೆ ಅದಿಲ್ಲ. ಹೊಲಕ್ಕೆ ಹಾಕಿದ ಡಿಎಪಿ ಗೊಬ್ಬರದ ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಮಳೆನೀರಿನೊಡನೆ ಹೊಂಡಕ್ಕೆ ಇಳಿದರೆ ಅಲ್ಲಿಯೇ ಠಿಕಾಣಿ. ತಳದಲ್ಲಿ ಆಮ್ಲಜನಕ ಮುಗಿದಾಗ ಕೆಸರಿನಲ್ಲಿದ್ದ ರಂಜಕ ಕರಗಿ ಮತ್ತೆ ಮೇಲಕ್ಕೆ ಬಂದು ಪಾಚಿಯನ್ನು ಬೆಳೆಸುತ್ತದೆ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ಅದರ ಜೊತೆಗೆ ರಂಜಕ. ರಂಜಕ ಬಿದ್ದ ಕಡೆ ನೀರು ಹಸಿರು ಗಟ್ಟಿತು, ಇನ್ನೊಂದು ಕಡೆ ತಿಳಿಯಾಗಿಯೇ ಉಳಿಯಿತು. ಅದರ ಚಿತ್ರ ನೋಡಿದವರು ಹೊಂಡಕ್ಕೆ ಡಿಎಪಿ ಸುರಿಯುವ ಯೋಚನೆ ಮಾಡಲಾರರು. ನಮ್ಮ ಗುಂಪಿನಲ್ಲಿ ಈಗಲೂ ಕೆಲವರು ಅದನ್ನು ಸೂಚಿಸುತ್ತಿದ್ದಾರೆ. ಹೊಲದ ನೀರು ಇಳಿಯುವ ಹೊಂಡಕ್ಕೆ ದಯವಿಟ್ಟು ಅದನ್ನು ಹೇಳಬೇಡಿ.

ಮೀನಿನ ಆಯ್ಕೆಗೆ ಬರೋಣ. ಸಸ್ಯಪ್ಲವಕ (ನೀರಿಗೆ ಹಸಿರು ಕೊಡುವ ಆ ಸಣ್ಣ ಪಾಚಿ), ಅದನ್ನು ತಿನ್ನುವ ಪ್ರಾಣಿಪ್ಲವಕ (ನೀರುಚಿಗಟದಂಥ ಸಣ್ಣ ಜೀವಿಗಳು), ಅದನ್ನು ತಿನ್ನುವ ಕಾಟ್ಲಾ, ಕಾಟ್ಲಾ ಮರಿಯನ್ನು ನುಂಗುವ ಕೊರವ ಅಥವಾ ನೀರುಕಾಗೆ. ಪಾಠದಲ್ಲಿ ಇದನ್ನು ನೇರ ಸರಪಳಿಯಂತೆ ಓದಿರುತ್ತೇವೆ. ಹೊಂಡದಲ್ಲಿ ಅದು ಬಲೆ: ಸತ್ತದ್ದು, ಹಿಕ್ಕೆ, ಬಿದ್ದ ಎಲೆ ತಳ ಸೇರಿ, ಅಲ್ಲಿ ಹುಳುಗಳಿಗೆ ಆಹಾರವಾಗಿ ಮತ್ತೆ ಮೀನಿಗೆ ಬರುತ್ತದೆ. ನೀವು ಮೃಗಾಲ್ ಬಿಡಲಿಲ್ಲ, ತಳ ಮೇಯುವವರು ಇಲ್ಲವಾದರು. ಕಾಟ್ಲಾ ಮೇಲ್ಪದರದ್ದು, ರೋಹು ನಡುವಿನದು, ಮೃಗಾಲ್ ತಳದ್ದು. ಹತ್ತು ಮರಿಗೆ ಕಾಟ್ಲಾ 4, ರೋಹು 3, ಮೃಗಾಲ್ 3 ಎಂಬುದು ಹಳೆಯ ಲೆಕ್ಕ, ನಮ್ಮ ಹೊಂಡಗಳಿಗೂ ಸಾಕು. ಕೆಲವು ಹುಲ್ಲುಗೆಂಡೆ ಬಿಟ್ಟು ನೇಪಿಯರ್ ಹುಲ್ಲು ಕತ್ತರಿಸಿ ಹಾಕಬಹುದು, ಆದರೆ ಅದರ ಹಿಕ್ಕೆಯೂ ಗೊಬ್ಬರವೇ ಎಂಬ ನೆನಪಿರಲಿ, ಆಗ ಸಗಣಿಯನ್ನು ಕಡಿಮೆ ಮಾಡಬೇಕು.

ಕೊರವಕ್ಕೆ ಒಳ್ಳೆಯ ಬೆಲೆ ಇದೆ, ಅದನ್ನೇ ಸಾಕಬಾರದೇ ಎಂದು ಕೆಳಗೆ ಒಬ್ಬರು ಕೇಳಿದ್ದಾರೆ. ಅಮೆರಿಕದ ಮಿನೆಸೊಟಾದ ಒಂದು ಸಣ್ಣ ಸರೋವರದಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ವರ್ಷಗಟ್ಟಲೆ ಲೆಕ್ಕ ಹಾಕಿದ ರೇಮಂಡ್ ಲಿಂಡೆಮನ್ 1942ರಲ್ಲಿ, ಇನ್ನೂ 26 ವರ್ಷದವರಿರುವಾಗಲೇ ತೀರಿಕೊಂಡರು. ಬಿಸಿಲಿನಿಂದ ಬಂದ ಶಕ್ತಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಬಹುಪಾಲು ಕಳೆದುಹೋಗುತ್ತದೆ ಎಂಬುದನ್ನು ಅವರ ಲೆಕ್ಕ ತೋರಿಸಿತು. ಸರಾಸರಿ ಹತ್ತರಲ್ಲಿ ಒಂದು ಪಾಲು ಮುಂದಕ್ಕೆ ಹೋಗುತ್ತದೆ ಎಂಬ ಅಂದಾಜು ಆಮೇಲೆ ರೂಢಿಗೆ ಬಂತು. ಅಂದರೆ ಮೀನನ್ನು ತಿನ್ನುವ ಮೀನನ್ನು ಒಂದು ಕಿಲೋ ಬೆಳೆಸಲು ಹತ್ತು ಕಿಲೋದಷ್ಟು ಸಣ್ಣ ಮೀನು ಬೇಕು. ನಾಲ್ಕೂವರೆ ಗುಂಟೆಯೂ ಇಲ್ಲದ ಹೊಂಡದ ಬಿಸಿಲು ಅದಕ್ಕೆ ಸಾಲದು. ಹೊರಗಿನಿಂದ ಆಹಾರ ತಂದು ಹಾಕಿದರೆ ಮತ್ತೆ ಅದೇ ಕೊಳೆ. ಪಾಚಿಗೆ ಹತ್ತಿರದ ಹಂತದಲ್ಲಿ ಮೇಯುವ ಗೆಂಡೆ ಮೀನುಗಳೇ ನಮಗೆ ಸರಿ.

ಸಂಖ್ಯೆಯ ವಿಷಯದಲ್ಲಿ ನಿಷ್ಠುರವಾಗಿ ಹೇಳಬೇಕಾಗಿದೆ. ನೀರಿಗೆ ಗಾಳಿ ಬೆರೆಸುವ ಯಂತ್ರವಿಲ್ಲದ ಹೊಂಡಕ್ಕೆ ಹೆಕ್ಟೇರಿಗೆ ಸುಮಾರು 5,000 ಮರಿ ಎಂಬುದು ಸುರಕ್ಷಿತ ಲೆಕ್ಕ. ನಿಮ್ಮದು 441 ಚದರ ಮೀಟರ್, ಅಂದರೆ 220 ಮರಿ. ನೀವು ಬಿಟ್ಟದ್ದು 1,500. ಮರಿ ಮಾರಿದವರು ಇದನ್ನು ಹೇಳದಿದ್ದುದು ನನಗೆ ನಿಜಕ್ಕೂ ಬೇಸರದ ವಿಷಯ. ಬದುಕಿರುವವುಗಳಲ್ಲಿ ದೊಡ್ಡವನ್ನು ಈಗಲೇ ಹಿಡಿದು ಮಾರಿ, ಬಲೆಯನ್ನು ಬಿಸಿಲೇರಿದ ಮೇಲೆ ಎಳೆಯಿರಿ. ಸಗಣಿಯೂ ಹಾಗೆಯೇ. ವರ್ಷಕ್ಕೆ ಹೆಕ್ಟೇರಿಗೆ 10 ಟನ್ ಎಂದರೆ ನಿಮ್ಮ ಹೊಂಡಕ್ಕೆ ವಾರಕ್ಕೆ 8 ಕಿಲೋ ಬರುತ್ತದೆ. ಕೋಳಿಗೊಬ್ಬರ ಇನ್ನೂ ಖಾರ, ಅದು ಅದಕ್ಕಿಂತ ಬಹಳ ಕಡಿಮೆ ಇರಬೇಕು. ಮೋಡ ಕವಿದ ವಾರ ಯಾವುದೂ ಬೇಡ.

ಯಂತ್ರವಿಲ್ಲದೆ ನೋಡುವ ವಿಧಾನ: ಬೆಳಿಗ್ಗೆ ಹತ್ತು ಗಂಟೆಗೆ ಕೈಯನ್ನು ನೇರವಾಗಿ ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಹಸಿರು ಹದವಾಗಿದೆ. ಅದಕ್ಕೂ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ. ಮೊಣಕೈ ದಾಟಿದರೂ ಅಂಗೈ ಕಾಣುತ್ತಿದ್ದರೆ ಸ್ವಲ್ಪ ಸಗಣಿ ಹಾಕಬಹುದು. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆ ಕಟ್ಟಿದರೆ ಅದು ನೀಲಿಹಸಿರು ಪಾಚಿಯಿರಬಹುದು, ಅದರ ಕೆಲವು ಜಾತಿಗಳು ವಿಷ ಬಿಡುತ್ತವೆ. ಆಗ ದನಗಳನ್ನು ಅಲ್ಲಿ ನೀರು ಕುಡಿಯಲು ಬಿಡಬೇಡಿ.

ಹೊಂಡಕ್ಕೆ ಬಂದದ್ದು ಹೊರಗೆ ಹೋಗುವ ದಾರಿಯನ್ನೂ ನೀವೇ ಮಾಡಬೇಕು, ಏಕೆಂದರೆ ಪ್ಲಾಸ್ಟಿಕ್ ಹೊದಿಕೆಯ ಹೊಂಡದಲ್ಲಿ ರಂಜಕವನ್ನು ಹಿಡಿದಿಡುವ ಮಣ್ಣೂ ಇಲ್ಲ, ಕೋಡಿ ಹರಿದು ತೊಳೆದುಹೋಗುವುದೂ ಅಪರೂಪ. ಮೀನುಗಳು ಚೇತರಿಸಿಕೊಂಡ ಮೇಲೆ, ಬಿಸಿಲಿರುವ ದಿನ, ತಳದ ನೀರನ್ನು ನಿಧಾನವಾಗಿ ಎತ್ತಿ ತೆಂಗಿಗೆ, ಮೇವಿನ ಹುಲ್ಲಿಗೆ ಹಾಯಿಸಿ. ಅದು ಗೊಬ್ಬರದ ನೀರು, ಆ ಬೆಳೆಗಳಿಗೆ ಅಷ್ಟರ ಮಟ್ಟಿಗೆ ಯೂರಿಯಾ ಕಡಿಮೆ ಮಾಡಿ. ಒಂದು ಮೂಲೆಯಲ್ಲಿ ಬಿದಿರಿನ ಚೌಕಟ್ಟಿನೊಳಗೆ ಅಜೋಲಾ ಎಂಬ ತೇಲುವ ಸಣ್ಣ ಗಿಡವನ್ನು ಬೆಳೆಸಿ ವಾರಕ್ಕೊಮ್ಮೆ ತೆಗೆದು ಹಸುವಿಗೆ ಹಾಕಿ. ಅದು ನೀರಿನ ರಂಜಕವನ್ನು ಚೆನ್ನಾಗಿ ಹೀರುತ್ತದೆ. ಹೊಂಡದ ಮೇಲ್ಮೈಯ ಕಾಲು ಭಾಗ ದಾಟಲು ಬಿಡಬೇಡಿ. ಹೊಲದ ನೀರು ಬರುವ ಬಾಯಲ್ಲಿ ಹೂಳು ಗುಂಡಿ ತೋಡಿ, ಅದರ ಮೇಲ್ಭಾಗದಲ್ಲಿ ಲಾವಂಚದ ಎರಡು ಸಾಲು ನೆಡಿ.

ನಮ್ಮ ಬಯಲುಸೀಮೆಯ ಹಿರಿಯರು ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುತ್ತಿದ್ದುದು ಬರೀ ಹೂಳೆತ್ತುವ ಕೆಲಸವಾಗಿರಲಿಲ್ಲ. ಹೊಲದಿಂದ ಮಳೆ ಒಯ್ದ ಸಾರವನ್ನು ಮತ್ತೆ ಹೊಲಕ್ಕೇ ತಂದು ಹಾಕುವ ವ್ಯವಸ್ಥೆ ಅದು, ಕೆರೆಯೂ ಹಗುರವಾಗುತ್ತಿತ್ತು, ರಾಗಿಯೂ ಬರುತ್ತಿತ್ತು. ನೀವೂ ಏಪ್ರಿಲ್ ಹೊತ್ತಿಗೆ ಮೀನು ಹಿಡಿದು ಹೊಂಡ ಖಾಲಿ ಮಾಡಿ ತಳದ ಕೆಸರನ್ನು ಹೊಲಕ್ಕೆ ಸಾಗಿಸಿ. ಹಾರೆ, ಸನಿಕೆ ತಾಗಿಸಿದರೆ ಪ್ಲಾಸ್ಟಿಕ್ ಹೊದಿಕೆ ಹರಿಯುತ್ತದೆ. ಕೆಸರು ಇನ್ನೂ ತೆಳುವಾಗಿ ಹಸಿಯಿರುವಾಗಲೇ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊಗೆದು, ಉಳಿದದ್ದನ್ನು ನೀರು ಹೊಡೆದು ಒಂದು ಮೂಲೆಗೆ ತಳ್ಳಿ, ಕೆಸರಿನ ಪಂಪಿನಿಂದ ಎತ್ತಿಸಿ.