ಯಾವುದಾದರೂ ಒಂದೇ ಧರ್ಮ ನಿಜ ಅನ್ನಬಹುದಾ?

ನಂಬಬಹುದು. ಆದರೆ ಎಲ್ಲರೂ ಒಪ್ಪುವ ಹಾಗೆ ಸಾಬೀತು ಮಾಡಲು ಆಗುವುದಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಒಂದು ಧರ್ಮ ತನ್ನ ಗ್ರಂಥವೇ ಪ್ರಮಾಣ ಅನ್ನುತ್ತದೆ, ಇನ್ನೊಂದು ಗುರುವಿನ ಮಾತು ಅನ್ನುತ್ತದೆ, ಮತ್ತೊಂದು ಸ್ವಂತ ಅನುಭವ ಅನ್ನುತ್ತದೆ. ಇಬ್ಬರು ತಮ್ಮ ತಮ್ಮ ಸೇರಿನಲ್ಲೇ ಜೋಳ ಅಳೆದರೆ ಜಗಳ ಮುಗಿಯುತ್ತಾ? ಇಬ್ಬರೂ ಒಪ್ಪುವ ಮೂರನೇ ಸೇರು ಬೇಕು, ಅದು ಇಲ್ಲಿ ಇಲ್ಲ.

ಹಾಗಂತ ಎಲ್ಲ ಧರ್ಮವೂ ಒಂದೇ ಅಂತ ಸುಮ್ನೆ ಹೇಳುವುದೂ ತಪ್ಪು. ಸೃಷ್ಟಿಕರ್ತ ಇದ್ದಾನೆ ಅನ್ನುತ್ತದೆ ಇಸ್ಲಾಂ, ಇಲ್ಲ ಅನ್ನುತ್ತದೆ ಜೈನ ಧರ್ಮ. ಎರಡೂ ಒಟ್ಟಿಗೆ ನಿಜ ಆಗಲಾರವು.

ಬೇರೆ ಬೇರೆ ಧರ್ಮಗಳು ಒಂದೇ ನೆಲದಲ್ಲಿ ಬಾಳಿದ್ದಕ್ಕೆ ನಮ್ಮ ಕೊಪ್ಪಳವನ್ನೇ ನೋಡಿ. ಗವಿಮಠದ ಬೆಟ್ಟದಲ್ಲಿ ಬೌದ್ಧನಾಗಿದ್ದ ಅಶೋಕನ ಶಾಸನವಿದೆ. ಇದೇ ಊರು ಕೊಪಣ ಎಂಬ ಹೆಸರಲ್ಲಿ ಜೈನರ ದೊಡ್ಡ ತೀರ್ಥವಾಗಿತ್ತು. ಈಗ ಅಲ್ಲೇ ಲಿಂಗಾಯತ ಮಠವಾದ ಗವಿಮಠದ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ.