ಮಿನಿಟ್ಸ್ ಬರೆಯೋರು ಯಾರು, ಮೈಕ್ ಹಿಡಿಯೋರು ಯಾರು?

ತುರ್ತು ನಿರ್ವಹಣೆ ಕೆಲಸದಲ್ಲಿರೋ ಹೆಣ್ಮಕ್ಕಳಿಂದ ಬಂದ ಪ್ರಶ್ನೆಗಳನ್ನ ಈ ಸಲ ಒಟ್ಟಿಗೇ ತಗೊಂಡಿದೀನಿ, ಮಧ್ಯೆ ಒಬ್ರು ಗಂಡಸ್ರೂ ಬರೆದಿದಾರೆ. ನಾನೂ ಕಂಟ್ರೋಲ್ ರೂಮಲ್ಲಿ ವರ್ಷಗಟ್ಟಲೆ ರಾತ್ರಿ ಕಳೆದೋಳು, ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತೆ, ಸಹಿಸ್ಕೊಳ್ಳಿ.

ಪ್ರಶ್ನೆ: ಆರು ವರ್ಷದಿಂದ ಕಂಟ್ರೋಲ್ ರೂಮಲ್ಲಿದೀನಿ. ಡ್ರಿಲ್ ಇರಲಿ, ನಿಜವಾದ ಪ್ರವಾಹ ಇರಲಿ, ನನಗೆ ಸಿಗೋದು ಎರಡೇ ಕೆಲಸ, ಮಿನಿಟ್ಸ್ ಬರೆಯೋದು ಇಲ್ಲಾಂದ್ರೆ ಆಶ್ರಯ ಶಿಬಿರದ ಡೆಸ್ಕು. ಆಪರೇಷನ್ಸ್ ಕಡೆ, ಅಂದ್ರೆ ರಕ್ಷಣಾ ಕೆಲಸ ನೇರವಾಗಿ ನಡೆಸೋ ಕಡೆ, ಹೋಗೋದು ಹೇಗೆ?

ಉತ್ತರ: ಮೊದಲು ಒಂದು ಮಾತು, ಮಿನಿಟ್ಸ್ ಬರೆಯೋದನ್ನ ಕೀಳಾಗಿ ನೋಡ್ಬೇಡಿ. ನಾನು ಹೊಸಬಳಿದ್ದಾಗ ನಂಗೂ ಲಾಗ್ ಬುಕ್ಕೇ ಕೊಟ್ಟಿದ್ರು, ಅಕ್ಷರ ಚೆನ್ನಾಗಿದೆ ಅನ್ನೋದು ಕಾರಣ! ಆಮೇಲೆ ರಿವ್ಯೂ ಮೀಟಿಂಗಲ್ಲಿ ಜನರನ್ನ ಖಾಲಿ ಮಾಡಿಸೋ ಆರ್ಡರ್ ಎಷ್ಟು ಹೊತ್ತಿಗೆ ಹೋಯ್ತು ಅಂತ ಗಲಾಟೆ ಶುರುವಾಯ್ತು, ಒಬ್ಬೊಬ್ರೂ ಒಂದೊಂದು ಟೈಮ್ ಹೇಳೋರು, ನನ್ನ ಪುಸ್ತಕ ತೆಗೆದು ನೋಡಿದ್ರೆ ಎಲ್ಲರೂ ಹೇಳಿದ್ದಕ್ಕಿಂತ ನಲವತ್ತು ನಿಮಿಷ ತಡ. ಅವತ್ತು ರೂಮು ಗಪ್‌ಚುಪ್. ಆದ್ರೆ ಅಷ್ಟಾದ್ಮೇಲೂ ಮುಂದಿನ ಸಲ ನಂಗೆ ಕೊಟ್ಟಿದ್ದು ಅದೇ ಪುಸ್ತಕ ಅನ್ನಿ.

ಈಗ ನಿಮ್ಮ ದಾರಿ. ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್, ಅಂದ್ರೆ ಅನಾಹುತದ ಹೊತ್ತಲ್ಲಿ ಯಾರಿಗೆ ಯಾವ ಕೆಲಸ ಅಂತ ಹಂಚೋ ವ್ಯವಸ್ಥೆ, ಹುಟ್ಟಿದ್ದು ಹೇಗೆ ಗೊತ್ತಲ್ಲ, 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹದಿಮೂರು ದಿನದ ಕಾಡ್ಗಿಚ್ಚು, 16 ಜನ ಸತ್ರು, 700ರಷ್ಟು ಕಟ್ಟಡ ಸುಟ್ಟು ಹೋದ್ವು. ಬರೀ ಜನ, ವಾಹನ ಕಮ್ಮಿ ಬಿದ್ದು ಆಗಿದ್ದಲ್ಲ, ಒಂದು ಇಲಾಖೆ ಇನ್ನೊಂದರ ಜೊತೆ ಮಾತಾಡೋಕೇ ಆಗ್ತಿರ್ಲಿಲ್ಲ, ರೇಡಿಯೋ ಬೇರೆ, ಹುದ್ದೆ ಹೆಸರು ಬೇರೆ, ಯಾರು ಯಾರ ಮಾತು ಕೇಳ್ಬೇಕು ಅನ್ನೋದೇ ಗೊಂದಲ. ಅದಕ್ಕೇ ಕಮಾಂಡ್, ಆಪರೇಷನ್ಸ್, ಪ್ಲಾನಿಂಗ್, ಲಾಜಿಸ್ಟಿಕ್ಸ್ (ಸಾಮಾನು ಸರಂಜಾಮು), ಹಣಕಾಸು ಅಂತ ಕೆಲಸಗಳನ್ನ ಬೇರೆ ಬೇರೆ ಡಬ್ಬಿ ಮಾಡಿದ್ರು, ಒಬ್ರ ಕೈಕೆಳಗೆ ಮೂರರಿಂದ ಏಳು ಜನ, ಐದಿದ್ರೆ ಒಳ್ಳೇದು ಅಂದ್ರು. ನಮಗೆ ಇದರಲ್ಲಿ ಲಾಭ ಏನಂದ್ರೆ, ಡಬ್ಬಿಗೆ ಬೇಕಿರೋದು ಟ್ರೈನಿಂಗು, ಅನುಭವ, ಅಷ್ಟೇ. ಗಂಡ್ಸೋ ಹೆಂಗ್ಸೋ ಅನ್ನೋ ಕಾಲಮ್ಮೇ ಅದರಲ್ಲಿಲ್ಲ.

ಹಾಗಾಗಿ "ನಂಗೂ ಅವಕಾಶ ಕೊಡಿ ಸಾರ್" ಅಂತ ಕೇಳ್ಬೇಡಿ, ಅದಕ್ಕೆ "ನೋಡೋಣಮ್ಮ" ಅನ್ನೋದು ಸುಲಭ. "ಮುಂದಿನ ಡ್ರಿಲ್ಲಲ್ಲಿ ಆಪರೇಷನ್ಸ್ ಮುಖ್ಯಸ್ಥರ ಪಕ್ಕ ಕೂತು ಕಲೀತೀನಿ, ಅದರ ಮುಂದಿನದ್ರಲ್ಲಿ ಒಂದು ಶಿಫ್ಟ್ ನಾನೇ ನಡೆಸ್ತೀನಿ, ಮಿನಿಟ್ಸಿಗೆ ಇಂಥವರನ್ನ ಹಾಕ್ಬಹುದು" ಅಂತ ಬರವಣಿಗೇಲಿ ಕೊಡಿ. ಮಿನಿಟ್ಸಿಗೆ ಬದಲಿ ಹೆಸರು ಬರೆಯೋದನ್ನ ಮಾತ್ರ ಮರೀಬೇಡಿ, ಅದಿಲ್ಲಾಂದ್ರೆ ನೀವು ಆ ಕುರ್ಚಿ ಬಿಟ್ಟು ಏಳೋಕೇ ಆಗಲ್ಲ. ಮತ್ತೆ ರಾತ್ರಿ ಶಿಫ್ಟ್ ಕೇಳಿ ತಗೊಳ್ಳಿ. ಹಗಲು ಹೊತ್ತು ದೊಡ್ಡೋರೆಲ್ಲ ಬಂದು ಮೈಕ್ ಹಿಡೀತಾರೆ, ರಾತ್ರಿ ಎರಡೂವರೆಗೆ ರೇಡಿಯೋಲಿ ಕರೆ ಬಂದ್ರೆ ಯಾರು ಎದ್ದಿರ್ತಾರೋ ಅವರದ್ದೇ ಮೈಕು.

ಪ್ರಶ್ನೆ: ಹಾರ್ನೆಸ್, ಗ್ಲೌಸ್, ಬೂಟು ಎಲ್ಲಾ ಗಂಡಸ್ರ ಅಳತೆದು. ಹೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂತಾರೆ.

ಉತ್ತರ: ಗ್ಲೌಸಿನ ತುದೀಲಿ ಅರ್ಧ ಇಂಚು ಖಾಲಿ ಇದ್ರೆ ಹಗ್ಗದ ಗಂಟು ಹಾಕೋಕಾಗಲ್ಲ, ಆಮೇಲೆ ಗ್ಲೌಸ್ ತೆಗೆದು ಬರಿಗೈಲಿ ಹಾಕ್ತೀವಿ, ಕೈ ಕೊಯ್ಯುತ್ತೆ. ಉಸಿರಾಟದ ಮಾಸ್ಕು ಮುಖಕ್ಕೆ ಸರಿಯಾಗಿ ಕೂರದಿದ್ರೆ ಅಂಚಿಂದ ಹೊಗೆ ಒಳಗೆ ಬರುತ್ತೆ, ಫಿಟ್ ಟೆಸ್ಟ್ ಅಂತ ಇರೋದೇ ಅದಕ್ಕೆ. ಇದು ಅಡ್ಜಸ್ಟ್ ಮಾಡ್ಕೊಳ್ಳೋ ವಿಷಯ ಅಲ್ಲ, ಸೇಫ್ಟಿ ಆಫೀಸರ್ ವಿಷಯ. ಅವರಿಗೆ ಅಪಾಯದ ಕೆಲಸವನ್ನ ಅಲ್ಲೇ ನಿಲ್ಲಿಸೋ ಅಧಿಕಾರ ಇದೆ, ದೂರು ಅವರ ಹೆಸರಿಗೇ ಬರೀರಿ. ಬೇಸ್ ಕ್ಯಾಂಪಲ್ಲಿ ಟಾಯ್ಲೆಟ್ಟು, ಪ್ಯಾಡು, ಬಟ್ಟೆ ಬದಲಾಯಿಸೋ ಜಾಗ, ಇವನ್ನೆಲ್ಲ ಲಾಜಿಸ್ಟಿಕ್ಸ್ ಪಟ್ಟಿಗೆ ಈಗಲೇ ಸೇರಿಸಿ. ಪ್ರತೀ ಸಲ ಹಗಲು ಕಂಡ ಬಾವಿಗೆ ಇರುಳು ಬೀಳೋದು ಸಾಕು.

ಪ್ರಶ್ನೆ: ಈ ಕೆಲಸದಲ್ಲಿರೋ ಹೆಂಗಸರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ. ಮೂರು ತಿಂಗಳಿಗೆ ಬರೀ ಗುಡ್ ಮಾರ್ನಿಂಗ್ ಹೂವು, ದೀಪ. ಏನ್ ಮಾಡೋದು?

ಉತ್ತರ: ನಗು ಬಂತು, ಯಾಕಂದ್ರೆ ನಮ್ಮದೂ ಹಾಗೇ ಸತ್ತಿತ್ತು. ಇನ್ನೂರು ಜನರ ಗ್ರೂಪಲ್ಲಿ ಯಾರೂ ತಮ್ಮ ತಪ್ಪು ಹೇಳ್ಕೊಳ್ಳಲ್ಲ, ಹನ್ನೆರಡು ಹದಿನೈದು ಜನ ಇದ್ರೆ ಹೇಳ್ತಾರೆ. ಚಿಕ್ಕದು ಮಾಡಿ. ಆಮೇಲೆ ಯೂನಿಫಾರ್ಮ್ ಹಾಕೋರು ಮಾತ್ರ ಅಂತ ಬೇಡ, ತುರ್ತು ಕರೆ ತಗೊಳ್ಳೋ ಡಿಸ್ಪ್ಯಾಚರ್, ಆಂಬುಲೆನ್ಸ್ ಡ್ರೈವರ್, ನರ್ಸು, ಹವಾಮಾನ ನೋಡೋರು, ಸ್ವಯಂಸೇವಕಿ, ಎಲ್ಲರೂ ಇರಲಿ. ಡಿಸ್ಪ್ಯಾಚರ್‌ಗಳನ್ನಂತೂ ಎಲ್ಲರೂ ಮರೀತಾರೆ, ಮೊದಲ ಕಿರುಚಾಟ ಕೇಳಿಸ್ಕೊಳ್ಳೋರೇ ಅವರು, ಫೋನ್ ಕಟ್ಟಾದ್ಮೇಲೆ ಆ ಮನುಷ್ಯ ಉಳಿದ್ನಾ ಇಲ್ವಾ ಅಂತ ಎಷ್ಟೋ ಸಲ ಅವರಿಗೆ ಗೊತ್ತೇ ಆಗಲ್ಲ.

ಗ್ರೂಪಿಗೆ ಕೆಲಸ ಕೊಡಿ. ಯಾವ ಟ್ರೈನಿಂಗಿಗೆ ಹೆಸರು ಕಳಿಸೋ ಕೊನೇ ದಿನ ಯಾವಾಗ, ಯಾರಿಗೆ ಶಿಫ್ಟ್ ಬದಲಿ ಬೇಕು, ಯಾವ ಕಂಪನಿ ಬೂಟು ಸಣ್ಣ ಸೈಜಲ್ಲಿ ಬರುತ್ತೆ, ಪ್ರಮೋಷನ್ ಇಂಟರ್ವ್ಯೂಲಿ ಏನು ಕೇಳಿದ್ರು. ಡಿಪ್ಲಾಯ್‌ಮೆಂಟಿಂದ (ಅನಾಹುತದ ಜಾಗದ ಡ್ಯೂಟಿಯಿಂದ) ವಾಪಸ್ ಬಂದೋರಿಗೆ ಮೂರು ದಿನದೊಳಗೆ ಯಾರಾದ್ರೂ ಒಬ್ರು ಫೋನ್ ಮಾಡ್ಲೇಬೇಕು, ಮೆಸೇಜ್ ಅಲ್ಲ ಫೋನು, ಯಾರು ಮಾಡ್ತಾರೆ ಅಂತ ಮೊದಲೇ ಹಂಚ್ಕೊಳ್ಳಿ. ಘಟನಾಸ್ಥಳದ ಫೋಟೋ ಮಾತ್ರ ಹಾಕೋ ಹಾಗಿಲ್ಲ.

ದೊಡ್ಡ ಬಳಗನೂ ಇದೆ. ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸೋ ಕಚೇರಿ ಆಸ್ಟ್ರೇಲಿಯಾ ಸರ್ಕಾರದ ನೆರವಿಂದ ವಿನ್ ಡಿಆರ್‌ಆರ್ ಅಂತ ಏಷ್ಯಾ ಪೆಸಿಫಿಕ್ ಭಾಗದ ಹೆಂಗಸರಿಗೇ ಒಂದು ವೃತ್ತಿಪರ ಜಾಲ ಶುರು ಮಾಡಿದೆ, ನಾಯಕತ್ವಕ್ಕೆ ಪ್ರಶಸ್ತಿನೂ ಕೊಟ್ಟಿದಾರೆ. ಮೇಲಿನವರಿಗೆ ಪತ್ರ ಬರೆಯೋದಿದ್ರೆ ವಿಪತ್ತಿನ ಅಪಾಯ ತಗ್ಗಿಸೋ ಬಗ್ಗೆ ಇರೋ 2015ರ ಸೆಂಡೈ ಒಪ್ಪಂದದ ಹೆಸರು ಹಾಕಿ, ಹೆಂಗಸರ ನಾಯಕತ್ವ ಬೆಳೆಸ್ಬೇಕು ಅಂತ ಅದರಲ್ಲೇ ಇದೆ, 2030ರ ತನಕ ಚಾಲ್ತಿ. ದೇಶಗಳೇ ಒಪ್ಕೊಂಡಿರೋ ಕಾಗದ, ಎದುರಿಗಿಟ್ರೆ ಸ್ವಲ್ಪ ತೂಕ ಬರುತ್ತೆ.

ಪ್ರಶ್ನೆ: ನಾನು ಗಂಡಸು, ಇದೇ ಕೆಲಸ. ಅನಾಹುತಕ್ಕೆ ಗಂಡು ಹೆಣ್ಣು ಅಂತ ಇಲ್ಲ, ಪ್ರತ್ಯೇಕ ಗ್ರೂಪ್ ಯಾಕೆ?

ಉತ್ತರ: ಇದೆ ಸ್ವಾಮಿ. 1991ರಲ್ಲಿ ಬಾಂಗ್ಲಾದೇಶದ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ರು, ಅದರಲ್ಲಿ ಹೆಂಗಸರು ಗಂಡಸ್ರಿಗಿಂತ ತುಂಬಾ ಜಾಸ್ತಿ. ಎಚ್ಚರಿಕೆ ಸಾರ್ವಜನಿಕ ಜಾಗದಲ್ಲಿ ಗಂಡಸ್ರಿಂದ ಗಂಡಸ್ರಿಗೆ ಹೋಗ್ತಿತ್ತು, ಒಳಗಿದ್ದವರಿಗೆ ಮುಟ್ಟಿದ್ರೂ ಗಂಡ ಬರ್ಲಿ, ಕೇಳಿ ಹೋಗೋಣ ಅಂತ ಕಾದ್ರು, ಗಂಡಸ್ರೇ ತುಂಬಿರೋ ಆಶ್ರಯ ಕಟ್ಟಡಕ್ಕೆ ಹೋಗೋಕೂ ಹಿಂಜರಿಕೆ. ಈಗ ಅಲ್ಲಿನ ಚಂಡಮಾರುತ ಸ್ವಯಂಸೇವಕ ಪಡೇಲಿ ಸುಮಾರು 76,000 ಜನ ಇದಾರೆ, ಅರ್ಧದಷ್ಟು ಹೆಂಗಸ್ರು, ಅವರು ಸೀದಾ ಮನೆಯೊಳಗೆ ಹೋಗಿ ಮಾತಾಡ್ತಾರೆ. ನಮ್ಮಲ್ಲೂ ಇಂಥ ಕೆಲಸ ಮಾಡೋ ಹೆಂಗಸ್ರು ಎರಡೇ ವರ್ಷಕ್ಕೆ ಸುಸ್ತಾಗಿ ಕೆಲಸ ಬಿಡದ ಹಾಗೆ ನೋಡ್ಕೊಳ್ಳೋಕೇ ಗ್ರೂಪು. ನಿಮಗೇನಾದ್ರೂ ಮಾಡ್ಬೇಕು ಅನ್ಸಿದ್ರೆ ಮುಂದಿನ ಮೀಟಿಂಗಲ್ಲಿ ಮಿನಿಟ್ಸ್ ನೀವು ಬರೀರಿ, ಮೇಲಿನ ಮೊದಲ ಪ್ರಶ್ನೆ ಕೇಳಿದವರಿಗೆ ಭಾಳ ಉಪಕಾರ ಆಗುತ್ತೆ.

ಪ್ರಶ್ನೆ: ಮಗು ಚಿಕ್ಕದು ಅಂತ ಡಿಪ್ಲಾಯ್‌ಮೆಂಟಿಗೆ ನನ್ನ ಹೆಸರೇ ಹಾಕಲ್ಲ, ಕೇಳೋದೂ ಇಲ್ಲ.

ಉತ್ತರ: ಒಳ್ಳೇ ಮನಸ್ಸಿಂದಲೇ ಮಾಡ್ತಾರೆ, ಅದಕ್ಕೇ ಜಗಳ ಆಡೋಕೂ ಆಗಲ್ಲ. ರೋಸ್ಟರ್ ನೋಡ್ಕೊಳ್ಳೋರಿಗೆ ಒಂದು ಮೇಲ್ ಹಾಕಿ: "ನಾನು ಲಭ್ಯ, ಆರು ಗಂಟೆ ಮುಂಚೆ ಹೇಳಿದ್ರೆ ಹೊರಡ್ತೀನಿ, ಒಂದು ಸಲಕ್ಕೆ ಇಷ್ಟು ದಿನ ಇರಬಲ್ಲೆ, ಬರೋಕಾಗದಿದ್ರೆ ಇಲ್ಲ ಅಂತ ನಾನೇ ಹೇಳ್ತೀನಿ." ಗಂಟೆ, ದಿನ ನಿಮ್ಮ ಮನೆ ವ್ಯವಸ್ಥೆ ನೋಡಿ ತುಂಬ್ಕೊಳ್ಳಿ. ಕೊನೇ ಸಾಲು ಮಾತ್ರ ಹಾಗೇ ಇರಲಿ.